ಹಳೇ ಡಬ್ಬಗಳಿಗೆ ಯಾವ ಲಿನಕ್ಸ್ ಹಾಕೋಣ? 1 ಜಿಬಿ, 2 ಜಿಬಿ ರ‍್ಯಾಮ್ ಇರುವವು

ಓದುಮನೆ
ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರದ ನಮ್ಮೂರಿನ ಓದುವ ಕೋಣೆಗೆ ಒಬ್ಬರು ಹಳೆಯ ಕಂಪ್ಯೂಟರ್‌ಗಳನ್ನು ಕೊಟ್ಟಿದ್ದಾರೆ. ಕಚೇರಿ ಖಾಲಿ ಮಾಡುವಾಗ ಗುಜರಿಗೆ ಹಾಕುವ ಬದಲು ನಮಗೆ ಕಳಿಸಿದರು. ನಾಲ್ಕು ಡೆಸ್ಕ್‌ಟಾಪ್: ಪೆಂಟಿಯಮ್ ಡ್ಯುಯಲ್ ಕೋರ್ ಇ5300, ಜಿ31 ಬೋರ್ಡ್, 2 ಜಿಬಿ ಡಿಡಿಆರ್2 ರ‍್ಯಾಮ್, 160 ಜಿಬಿ ಹಾರ್ಡ್ ಡಿಸ್ಕ್. ಜೊತೆಗೆ ಒಂದು ಪುಟ್ಟ ನೆಟ್‌ಬುಕ್. ಅದರಲ್ಲಿ ಆ್ಯಟಮ್ ಎನ್270, 1 ಜಿಬಿ ರ‍್ಯಾಮ್. ನೆಟ್‌ಬುಕ್‌ನಲ್ಲಿ ಇನ್ನೂ ಎಕ್ಸ್‌ಪಿ ಇದೆ. ಉಳಿದವುಗಳಲ್ಲಿ ವಿಂಡೋಸ್ 7 ತೆವಳುತ್ತಿದೆ.

ಕೆಲಸ ದೊಡ್ಡದೇನಿಲ್ಲ. ಮಕ್ಕಳು ಕನ್ನಡ ಟೈಪಿಂಗ್ ಕಲಿಯಬೇಕು. ಪಠ್ಯಪುಸ್ತಕದ ಪಿಡಿಎಫ್ ತೆರೆಯಬೇಕು. ಯೂಟ್ಯೂಬ್‌ನಲ್ಲಿ ಪಾಠ ನೋಡಬೇಕು. ದೊಡ್ಡವರು ಆನ್‌ಲೈನ್ ಅರ್ಜಿ ತುಂಬಿ ಪ್ರಿಂಟ್ ತೆಗೆಯಬೇಕು.

ಲಿನಕ್ಸ್‌ನಲ್ಲೇ ಬೇರೆ ಬೇರೆ ಬಗೆ (ಡಿಸ್ಟ್ರೋ): ಲುಬುಂಟು, ಪಪ್ಪಿ, ಆ್ಯಂಟಿಎಕ್ಸ್, ಬೋಧಿ, ಮಿಂಟ್... ಒಂದೊಂದು ವಿಡಿಯೋದಲ್ಲಿ ಒಂದೊಂದು ಹೆಸರು. ಎಲ್ಲದಕ್ಕೂ ಒಂದೇ ಹಾಕಿದರೆ ಕಲಿಸಲು ಸುಲಭ ಅಂತ ನನ್ನ ಆಸೆ. ನಾನು ಉಬುಂಟು ಬಳಸಿದ್ದೇನೆ, ಟರ್ಮಿನಲ್ ಅಂದ್ರೆ ಭಯ ಇಲ್ಲ. ಆದರೆ ನಾನು ಊರಲ್ಲಿ ಇಲ್ಲದಾಗ ರಿಪೇರಿ ಮಾಡುವವರು ಯಾರೂ ಇರುವುದಿಲ್ಲ. ಏನು ಹಾಕಲಿ?

ಚಹಾಪ್ರಿಯ
ಪಪ್ಪಿ. ಕಣ್ಣು ಮುಚ್ಚಿಕೊಂಡು ಹಾಕಿ.

ಮೇಷ್ಟ್ರು_ಹಾಸನ
@ಚಹಾಪ್ರಿಯ ಮಕ್ಕಳು ಬಂದುಹೋಗುವ ಜಾಗಕ್ಕೆ ಪಪ್ಪಿ ಬೇಡ ಸಾರ್. ರ‍್ಯಾಮ್‌ಗೆ ಏರಿಕೊಂಡು ಓಡುತ್ತದೆ, ಅದಕ್ಕೇ ಅಷ್ಟು ಚುರುಕು, ಒಪ್ಪಿದೆ. ಆದರೆ ಅದು ಮಾಮೂಲಿಯಾಗಿ ರೂಟ್ (ಎಲ್ಲಾ ಅಧಿಕಾರ ಇರುವ ಬಳಕೆದಾರ) ಆಗಿಯೇ ತೆರೆದುಕೊಳ್ಳುತ್ತದೆ. ಯಾವ ಹುಡುಗ ಬೇಕಾದರೂ ಯಾವ ಫೈಲ್ ಬೇಕಾದರೂ ಅಳಿಸಬಹುದು. ಮಾಡಿದ ಕೆಲಸ ಸೇವ್ ಫೈಲ್‌ಗೆ ಬರೆಯುವ ಮುಂಚೆ ಕರೆಂಟ್ ಹೋದರೆ ಅದೂ ಹೋಯಿತು.

ಚಹಾಪ್ರಿಯ
ಮೇಷ್ಟ್ರೇ, ನೀವು ಹೇಳುತ್ತಿರುವುದು ಪೆನ್‌ಡ್ರೈವ್‌ನಿಂದ ಓಡಿಸುವಾಗಿನ ಕಥೆ. ಹಾರ್ಡ್ ಡಿಸ್ಕ್ ಮೇಲೆ ಫ್ರೂಗಲ್ ಇನ್‌ಸ್ಟಾಲ್ ಮಾಡಿದರೆ ಸೇವ್ ಫೋಲ್ಡರ್‌ಗೆ ನೇರವಾಗಿ ಬರೆಯುತ್ತದೆ. ಕೊನೆಯಲ್ಲಿ ಸೇವ್ ಮಾಡುವ ತಾಪತ್ರಯ ಇಲ್ಲ. ಯಾರಾದರೂ ಕೆಡಿಸಿದರೆ ಆ ಫೋಲ್ಡರ್‌ನ ಹಳೇ ಪ್ರತಿ ಹಾಕಿದರಾಯಿತು, ಸಿಸ್ಟಮ್ ಹೊಚ್ಚ ಹೊಸದು. ಶಾಲೆಗೆ ಇದಕ್ಕಿಂತ ಇನ್ನೇನು ಬೇಕು?

ಮೇಷ್ಟ್ರು_ಹಾಸನ
ರೂಟ್ ವಿಷಯಕ್ಕೆ ಉತ್ತರ ಬರಲಿಲ್ಲ.

ಗುಜರಿ_ಗುರು
ಡಿಸ್ಟ್ರೋ ಹೆಸರಿನ ಜಗಳ ಆಮೇಲೆ. ಮೊದಲು ಪ್ರೊಸೆಸರ್ ನೋಡಿ. ನಿಮ್ಮ ಇ5300 ಅಂದರೆ 64 ಬಿಟ್. ಎನ್270 ಅಂದರೆ ಬರೀ 32 ಬಿಟ್. ಈ ಎರಡಕ್ಕೂ ಈಗ ದಾರಿ ಬೇರೆ ಬೇರೆ.

ಸ್ವಲ್ಪ ಇತಿಹಾಸ ಹೇಳುತ್ತೇನೆ, ಯಾಕೆಂದರೆ ಹಳೇ ವಿಡಿಯೋ ನೋಡಿ ಮೋಸ ಹೋಗುವವರು ಜಾಸ್ತಿ. ಆರ್ಚ್ 2017ರಲ್ಲೇ 32 ಬಿಟ್ ಕೈಬಿಟ್ಟಿತು. ಲುಬುಂಟು 18.10 ಆದ ಮೇಲೆ 32 ಬಿಟ್ ಐಎಸ್‌ಒ (ಇನ್‌ಸ್ಟಾಲ್ ಮಾಡುವ ಫೈಲ್) ಬಿಡಲಿಲ್ಲ. ಡೆಬಿಯನ್ ಗಟ್ಟಿಯಾಗಿ ನಿಂತಿತ್ತು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಅದೂ ನಿಂತಿತು. ಐ386ಗೆ (ಅಂದರೆ 32 ಬಿಟ್‌ಗೆ) ಇನ್‌ಸ್ಟಾಲರ್ ಇಲ್ಲ, ಕರ್ನಲ್ (ಸಿಸ್ಟಮ್‌ನ ತಿರುಳು) ಇಲ್ಲ. ಮಿಂಟ್‌ನ ಡೆಬಿಯನ್ ಆಧಾರಿತ ಆವೃತ್ತಿ ಎಲ್‌ಎಮ್‌ಡಿಇ 6ರಲ್ಲಿ 32 ಬಿಟ್ ಇತ್ತು, 7ರಲ್ಲಿ ಇಲ್ಲ. ಎಮ್‌ಎಕ್ಸ್ 23ರಲ್ಲಿ ಇತ್ತು, 25ರಲ್ಲಿ ಇಲ್ಲ. ಬ್ರೌಸರ್ ಕಡೆ ನೋಡಿದರೆ ಕ್ರೋಮ್ 2016ರಲ್ಲೇ 32 ಬಿಟ್ ಲಿನಕ್ಸ್ ಬಿಟ್ಟಿತು. ಫೈರ್‌ಫಾಕ್ಸ್ 144ನೇ ಆವೃತ್ತಿಯೇ ಕೊನೆ. ದೀರ್ಘ ಬೆಂಬಲದ ಇಎಸ್‌ಆರ್ 140 ಶಾಖೆಗೆ 2026ರ ಸೆಪ್ಟೆಂಬರ್‌ವರೆಗಾದರೂ ಅಪ್‌ಡೇಟ್ ಕೊಡುತ್ತೇವೆ ಅಂತ ಮೊಜಿಲ್ಲಾ ಹೇಳಿದೆ.

ಹಾಗಾಗಿ ನಾಲ್ಕು ಡೆಸ್ಕ್‌ಟಾಪ್‌ಗೆ 64 ಬಿಟ್ ಡೆಬಿಯನ್ 13, ಎಲ್‌ಎಕ್ಸ್‌ಕ್ಯೂಟಿ (ಹಗುರ ಡೆಸ್ಕ್‌ಟಾಪ್ ಪರಿಸರ) ಜೊತೆ. ನೆಟ್‌ಬುಕ್‌ಗೆ ಆ್ಯಂಟಿಎಕ್ಸ್ 23ರ 32 ಬಿಟ್. ಅದು ಡೆಬಿಯನ್ 12ರ ಮೇಲೆ ಕಟ್ಟಿದ್ದು. ಹೆಸರು ಬೇರೆ ಆದರೂ ಒಳಗೆ ಅದೇ ಎಪಿಟಿ (ಸಾಫ್ಟ್‌ವೇರ್ ಹಾಕುವ ಸಾಧನ), ಅವೇ ಪ್ಯಾಕೇಜ್. ಕಲಿಸುವಾಗ ಅಷ್ಟೇನೂ ವ್ಯತ್ಯಾಸ ಆಗುವುದಿಲ್ಲ.

ಓದುಮನೆ
ಇದು ಗೊತ್ತಿರಲಿಲ್ಲ, ಥ್ಯಾಂಕ್ಸ್. ಆ ಡೆಸ್ಕ್‌ಟಾಪ್‌ಗಳಲ್ಲಿ ಈಗಿರುವ ವಿಂಡೋಸ್ 32 ಬಿಟ್ ಅಂತ ತೋರಿಸುತ್ತಿದೆ. ಹಾಗಿದ್ದರೂ 64 ಬಿಟ್ ಲಿನಕ್ಸ್ ಹಾಕಬಹುದಾ?

ಸೊನ್ನೆಒಂದು
ಹಾಕಬಹುದು. ವಿಂಡೋಸ್ ತೋರಿಸುವುದು ಅದರದ್ದೇ ಬಿಟ್. 2 ಜಿಬಿ ಕಾಲದಲ್ಲಿ ಅಂಗಡಿಯವರು 64 ಬಿಟ್ ಪ್ರೊಸೆಸರ್ ಮೇಲೂ 32 ಬಿಟ್ ವಿಂಡೋಸ್ ಹಾಕಿಕೊಡುತ್ತಿದ್ದರು. ಯಾವುದಾದರೂ ಲೈವ್ ಪೆನ್‌ಡ್ರೈವ್‌ನಿಂದ ತೆರೆದು ಟರ್ಮಿನಲ್‌ನಲ್ಲಿ ಎಲ್‌ಎಸ್‌ಸಿಪಿಯು ಅಂತ ಹೊಡೆಯಿರಿ. ಮೇಲಿನ ಎರಡು ಸಾಲಲ್ಲೇ ಉತ್ತರ ಇರುತ್ತದೆ.

ಇನ್ನೊಂದು ಮಾತು. 64 ಬಿಟ್ ಇದ್ದರೆ ಎಲ್ಲಾ ಡಿಸ್ಟ್ರೋ ಓಡುತ್ತದೆ ಅಂತಲೂ ಅಲ್ಲ. ಕೋರ್ 2 ತಲೆಮಾರಿನ ಪ್ರೊಸೆಸರ್‌ಗಳಲ್ಲಿ (ನಿಮ್ಮ ಇ5300 ಕೂಡ ಅದೇ) ಎಸ್‌ಎಸ್‌ಇ 4.2 ಅನ್ನುವ ಸೂಚನೆಗಳ ಗುಂಪು ಇಲ್ಲ. ರೆಡ್ ಹ್ಯಾಟ್ 9ಕ್ಕೆ ಅದು ಬೇಕೇ ಬೇಕು. ವಿಂಡೋಸ್ 11ರ 24ಎಚ್2ಗೂ ಬೇಕು. ಡೆಬಿಯನ್‌ಗೆ ಬೇಡ.

ಕಪ್ಪುಪರದೆ
ಎಲ್‌ಎಕ್ಸ್‌ಕ್ಯೂಟಿ ಯಾಕೆ? 2 ಜಿಬಿಗೆ ಐಸ್‌ಡಬ್ಲ್ಯುಎಮ್ ಅಥವಾ ಫ್ಲಕ್ಸ್‌ಬಾಕ್ಸ್ (ಬರೀ ಕಿಟಕಿಗಳನ್ನು ನೋಡಿಕೊಳ್ಳುವ ಪ್ರೋಗ್ರಾಮ್) ಸಾಕು. ಎಲ್‌ಎಕ್ಸ್‌ಕ್ಯೂಟಿ ಸುಮ್ನೆ ಕೂತಾಗಲೇ 400 ಎಮ್‌ಬಿ ಆಸುಪಾಸು ತಿನ್ನುತ್ತದೆ. ಎಕ್ಸ್‌ಎಫ್‌ಸಿಇ ಅದಕ್ಕಿಂತ ಜಾಸ್ತಿ. ಆ್ಯಂಟಿಎಕ್ಸ್‌ನ ಐಸ್‌ಡಬ್ಲ್ಯುಎಮ್ 200ರ ಹತ್ತಿರ ನಿಲ್ಲುತ್ತದೆ. ಅರ್ಧಕ್ಕರ್ಧ ಉಳಿತಾಯ.

ತುಂಗಾತೀರ
@ಕಪ್ಪುಪರದೆ ಉಳಿಸಿದ ಆ 200 ಎಮ್‌ಬಿ ಏನಾಗುತ್ತದೆ ಹೇಳಿ? ಬ್ರೌಸರ್ ತೆರೆದು ಒಂದು ಸುದ್ದಿ ತಾಣಕ್ಕೆ ಹೋದರೆ ಅಷ್ಟೂ ಮುಗಿಯಿತು. ಈ ವೇದಿಕೆಯಲ್ಲಿ ಎಷ್ಟು ವರ್ಷದಿಂದ ಇದೇ ಜಗಳ. ಒಬ್ಬರು ಐಸ್‌ಡಬ್ಲ್ಯುಎಮ್ ಅನ್ನುತ್ತಾರೆ, ಒಬ್ಬರು ಓಪನ್‌ಬಾಕ್ಸ್ ಅನ್ನುತ್ತಾರೆ. ಖಾಲಿ ಡೆಸ್ಕ್‌ಟಾಪ್‌ನ ಸ್ಕ್ರೀನ್‌ಶಾಟ್ ಹಾಕಿ ನೋಡಿ ನಂದು 140 ಎಮ್‌ಬಿ ಅಂತಾರೆ. ಖಾಲಿ ಡೆಸ್ಕ್‌ಟಾಪ್ ನೋಡುತ್ತಾ ಕೂರಲು ಯಾರಾದರೂ ಕಂಪ್ಯೂಟರ್ ಆನ್ ಮಾಡುತ್ತಾರಾ?

ಇವರ ಪಟ್ಟಿ ನೋಡಿ. ಯೂಟ್ಯೂಬ್, ಆನ್‌ಲೈನ್ ಅರ್ಜಿ. ಎರಡೂ ಬ್ರೌಸರ್ ಕೆಲಸ. ಡೆಸ್ಕ್‌ಟಾಪ್ ಯಾವುದೇ ಇರಲಿ, ಫೈರ್‌ಫಾಕ್ಸ್ ಅದೇ ಫೈರ್‌ಫಾಕ್ಸ್. ಹೊಸಬರಿಗೆ ಮೆನು, ವೈಫೈ ಚಿಹ್ನೆ, ವಾಲ್ಯೂಮ್, ಪೆನ್‌ಡ್ರೈವ್ ಹಾಕಿದ ತಕ್ಷಣ ತೆರೆದುಕೊಳ್ಳುವುದು, ಇವೆಲ್ಲ ಇರುವ ಡೆಸ್ಕ್‌ಟಾಪ್ ಕೊಡಿ. ಎಲ್‌ಎಕ್ಸ್‌ಕ್ಯೂಟಿ ಅಥವಾ ಎಕ್ಸ್‌ಎಫ್‌ಸಿಇ. ಉಳಿದ ತಲೆಬಿಸಿಯೆಲ್ಲ ಬ್ರೌಸರ್ ಮೇಲೆ ಇರಲಿ.

ಕಪ್ಪುಪರದೆ
1 ಜಿಬಿಯಲ್ಲಿ 200 ಎಮ್‌ಬಿ ಅಂದರೆ ಐದರಲ್ಲಿ ಒಂದು ಪಾಲು ಸ್ವಾಮಿ. ಅದು ನಿಮಗೆ ಸಣ್ಣದು ಅನ್ನಿಸಿದರೆ ನನ್ನ ಹತ್ತಿರ ಮಾತಿಲ್ಲ.

ತುಂಗಾತೀರ
1 ಜಿಬಿಗೆ ನಿಮ್ಮ ಮಾತು ಸರಿ. ನಾನು ಹೇಳಿದ್ದು 2 ಜಿಬಿ ಡೆಸ್ಕ್‌ಟಾಪ್‌ಗಳಿಗೆ.

ಬಿಸಿಲನಾಡು
ಅಲ್ರೀ, ಇಷ್ಟೆಲ್ಲಾ ಜಗಳ ಯಾಕ? ಜಿ31 ಬೋರ್ಡಿಗೆ 4 ಜಿಬಿ ತನಕ ರ‍್ಯಾಮ್ ಕೂಡುತ್ತದ. ಹಳೇ ಡಿಡಿಆರ್2 ತುಂಡು ಹಳೇ ಸಾಮಾನಿನ ಅಂಗಡ್ಯಾಗ ಚಿಲ್ಲರೆ ರೊಕ್ಕಕ್ಕ ಸಿಗತದ. ಎರಡೆರಡು ಜಿಬಿಯವು ಎರಡು ಹಾಕಿಬಿಡ್ರಿ, ಮುಗೀತು.

ಗುಜರಿ_ಗುರು
ಇವರು ಹೇಳಿದ್ದು ನೂರಕ್ಕೆ ನೂರು. ಇನ್ನೊಂದು ಸೇರಿಸುತ್ತೇನೆ: ಎಸ್‌ಎಸ್‌ಡಿ. 120 ಜಿಬಿಯ ಸಾಟಾ ಎಸ್‌ಎಸ್‌ಡಿ ಸಾಕು. ಆ 160 ಜಿಬಿ ಡಿಸ್ಕ್‌ಗಳು ಇಷ್ಟು ವರ್ಷ ತಿರುಗಿವೆ. ಅವುಗಳ ಮೇಲೆ ಹೊಸ ಸಿಸ್ಟಮ್ ಹಾಕುವ ಮುಂಚೆ ಸ್ಮಾರ್ಟ್ ವರದಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಲೆಕ್ಕ) ನೋಡಿ. ರೀಅಲೊಕೇಟೆಡ್ ಸೆಕ್ಟರ್ ಸೊನ್ನೆ ಬಿಟ್ಟು ಬೇರೆ ತೋರಿಸಿದರೆ ಆ ಡಿಸ್ಕ್ ನಂಬಬೇಡಿ.

ಬೆಂಗಳೂರಿನ ಎಸ್‌ಪಿ ರೋಡ್‌ಗೆ ಬರುವವರು ಯಾರಾದರೂ ಇದ್ದರೆ ಅವರ ಕೈಲಿ ತರಿಸಿ. ಒಂದೇ ಎಚ್ಚರಿಕೆ. ಡಿಡಿಆರ್2 ತುಂಡುಗಳಲ್ಲಿ ಕೆಲವು ಬರೀ ಎಎಮ್‌ಡಿ ಬೋರ್ಡಿಗೆ ಓಡುವಂಥವು ಇರುತ್ತವೆ. ಇಂಟೆಲ್ ಬೋರ್ಡಿಗೆ ಅಂತ ಕೇಳಿ ತೆಗೆದುಕೊಳ್ಳಿ. ಹಾಕಿದ ಮೇಲೆ ಮೆಮ್‌ಟೆಸ್ಟ್ ಒಂದು ರಾತ್ರಿ ಓಡಿಸಿ. ಹಳೇ ರ‍್ಯಾಮ್ ಕೈಕೊಟ್ಟರೆ ಲಿನಕ್ಸ್ ಸರಿ ಇಲ್ಲ ಅಂತ ಬೈಗುಳ ತಿನ್ನುವುದು ಲಿನಕ್ಸೇ.

ಓದುಮನೆ
ಸಂಘದಲ್ಲಿ ದುಡ್ಡು ಕಡಿಮೆ. ರ‍್ಯಾಮ್, ಎಸ್‌ಎಸ್‌ಡಿ ಎರಡರಲ್ಲಿ ಒಂದೇ ಅಂದರೆ ಯಾವುದು ಮೊದಲು?

ತುಂಗಾತೀರ
ರ‍್ಯಾಮ್.

ಸೊನ್ನೆಒಂದು
ಎಸ್‌ಎಸ್‌ಡಿ. 2 ಜಿಬಿ ಸಾಲದೆ ಸ್ವಾಪ್‌ಗೆ (ರ‍್ಯಾಮ್ ಬದಲು ಬಳಸುವ ಡಿಸ್ಕ್ ಜಾಗಕ್ಕೆ) ಹೋದರೂ ಎಸ್‌ಎಸ್‌ಡಿ ಇದ್ದರೆ ಕಂಪ್ಯೂಟರ್ ಸತ್ತಂತೆ ಬೀಳುವುದಿಲ್ಲ.

ತುಂಗಾತೀರ
ಸ್ವಾಪ್‌ಗೆ ಹೋಗದಂತೆ ನೋಡಿಕೊಂಡರೆ ಆ ಪ್ರಶ್ನೆಯೇ ಬರುವುದಿಲ್ಲ ಅಲ್ವಾ? ಅದೂ ಅಲ್ಲದೆ ರ‍್ಯಾಮ್ ಬೆಲೆ ಕಮ್ಮಿ. ಇದ್ದ ದುಡ್ಡಲ್ಲಿ ನಾಲ್ಕಕ್ಕೂ ಆಗುತ್ತದೆ.

ಕಪ್ಪುಪರದೆ
ಪುಕ್ಕಟೆ ಔಷಧಿ ಮೊದಲು ಮಾಡಿ. ಝಡ್‌ರ‍್ಯಾಮ್. ರ‍್ಯಾಮ್‌ನ ಒಂದು ಭಾಗವನ್ನೇ ಸ್ವಾಪ್ ಥರ ಬಳಸುತ್ತದೆ, ಅಲ್ಲಿಗೆ ಹೋಗುವುದನ್ನೆಲ್ಲ ಒತ್ತಿ ಚಿಕ್ಕದು ಮಾಡಿ ಇಡುತ್ತದೆ. ಡಿಸ್ಕ್ ಮುಟ್ಟುವ ಅಗತ್ಯ ಕಮ್ಮಿ. ಡೆಬಿಯನ್‌ನಲ್ಲಿ ಝಡ್‌ರ‍್ಯಾಮ್ ಟೂಲ್ಸ್ ಅಂತ ಪ್ಯಾಕೇಜ್ ಇದೆ. ಹಾಕಿ, ಅದರ ಸೆಟ್ಟಿಂಗ್ ಫೈಲ್‌ನಲ್ಲಿ ಶೇಕಡಾ 50 ಅಂತ ಕೊಡಿ. ಒತ್ತುವ ವಿಧಾನ ಡೆಸ್ಕ್‌ಟಾಪ್‌ಗೆ ಝಡ್‌ಎಸ್‌ಟಿಡಿ, ನೆಟ್‌ಬುಕ್‌ಗೆ ಎಲ್‌ಝಡ್4. ಎನ್270ಗೆ ಝಡ್‌ಎಸ್‌ಟಿಡಿ ಭಾರ ಆಗುತ್ತದೆ. ಎಲ್‌ಝಡ್4 ಅಷ್ಟು ಚಿಕ್ಕದಾಗಿ ಒತ್ತುವುದಿಲ್ಲ, ಆದರೆ ಪ್ರೊಸೆಸರ್‌ಗೆ ಹಗುರ. ಡಿಸ್ಕ್‌ನ ಸ್ವಾಪ್ ಕೂಡ ಇರಲಿ, ಅದರ ಆದ್ಯತೆ ಝಡ್‌ರ‍್ಯಾಮ್‌ಗಿಂತ ಕೆಳಗೆ ಇಡಿ.

ಪಾಟಿಬಳಪ
ವಿಂಡೋಸ್ 7 ಚೆನ್ನಾಗಿಯೇ ಇದೆಯಲ್ಲ? ಅದನ್ನೇ ಫಾರ್ಮ್ಯಾಟ್ ಮಾಡಿ ಮತ್ತೆ ಹಾಕಿದರೆ ಚುರುಕಾಗುತ್ತದೆ. ಮಕ್ಕಳಿಗೆ ನುಡಿ (ಕನ್ನಡ ಟೈಪಿಂಗ್ ತಂತ್ರಾಂಶ) ಬೇಕು, ಆಫೀಸ್ ಬೇಕು. ಪರೀಕ್ಷೆಯಲ್ಲಿ ಯಾರೂ ಲಿನಕ್ಸ್ ಕೇಳುವುದಿಲ್ಲ.

ಸೊನ್ನೆಒಂದು
ವಿಂಡೋಸ್ 7ಕ್ಕೆ ಸಾಮಾನ್ಯ ಬಳಕೆದಾರರ ಬೆಂಬಲ 2020ರ ಜನವರಿ 14ಕ್ಕೇ ಮುಗಿಯಿತು. ಕ್ರೋಮ್ ಅದರ ಮೇಲೆ 109ಕ್ಕೇ ನಿಂತಿದೆ. ಬ್ಯಾಂಕ್ ಪಾಸ್‌ವರ್ಡ್, ಆಧಾರ್ ಸಂಖ್ಯೆ ಹಾಕಿ ಅರ್ಜಿ ತುಂಬುವ ಕಂಪ್ಯೂಟರ್ ಇದು. ಬೇಡ.

ಮೇಷ್ಟ್ರು_ಹಾಸನ
@ಪಾಟಿಬಳಪ ಕೇರಳದ ಸರ್ಕಾರಿ ಶಾಲೆಗಳಲ್ಲಿ ಎಷ್ಟೋ ವರ್ಷದಿಂದ ಲಿನಕ್ಸ್‌ನಲ್ಲೇ ಪಾಠ ನಡೆಯುತ್ತಿದೆ. ಅಲ್ಲಿನ ಸರ್ಕಾರದ ಕೈಟ್ ಸಂಸ್ಥೆ ಉಬುಂಟು ಆಧರಿಸಿ ತನ್ನದೇ ಆವೃತ್ತಿ ಮಾಡಿ ಶಾಲೆಗಳಿಗೆ ಕೊಡುತ್ತದೆ. ಅಲ್ಲಿನ ಮಕ್ಕಳಿಗೆ ಆಗುವುದು ನಮ್ಮವರಿಗೆ ಆಗುವುದಿಲ್ಲವಾ? ಲಿಬ್ರೆಆಫೀಸ್ ರೈಟರ್‌ನಲ್ಲಿ ಪತ್ರ ಬರೆಯಲು ಕಲಿತವನಿಗೆ ವರ್ಡ್ ಏನು ಕಷ್ಟ?

ಪಾಟಿಬಳಪ
ಸರಿ, ಆದರೆ ನುಡಿ? ಅದಕ್ಕೆ ಉತ್ತರ ಕೊಡಿ. ನಮ್ಮಲ್ಲಿ ಹಳೇ ಪ್ರಶ್ನೆಪತ್ರಿಕೆಗಳೆಲ್ಲ ನುಡಿಯಲ್ಲೇ ಇವೆ.

ಅಕ್ಷರಜೋಡಣೆ
ಇದು ನನ್ನ ಕೆಲಸದ ವಿಷಯ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಫಾಂಟ್. ಡೆಬಿಯನ್ ಭಂಡಾರದಲ್ಲಿ ಗುಬ್ಬಿ, ನವಿಲು, ಲೋಹಿತ್ ಕನ್ನಡ ಇವೆ. ನೋಟೋ ಕೂಡ ಇದೆ. ಹಗುರ ಡಿಸ್ಟ್ರೋಗಳಲ್ಲಿ ಜಾಗ ಉಳಿಸಲು ಭಾರತೀಯ ಭಾಷೆಗಳ ಫಾಂಟ್ ಬಿಟ್ಟಿರುತ್ತಾರೆ. ಕನ್ನಡ ತಾಣ ತೆರೆದರೆ ಬರೀ ಚೌಕ ಚೌಕ ಕಾಣುತ್ತದೆ. ಗಾಬರಿ ಬೇಡ, ಫಾಂಟ್ ಪ್ಯಾಕೇಜ್ ಹಾಕಿ ಬ್ರೌಸರ್ ಮುಚ್ಚಿ ತೆರೆದರೆ ಸರಿಹೋಗುತ್ತದೆ.

ಎರಡನೆಯದು ಟೈಪಿಂಗ್. ನುಡಿಯಲ್ಲಿ ಬಳಸುವ ಕಗಪ ಕೀಲಿ ವಿನ್ಯಾಸ ಕೆ. ಪಿ. ರಾವ್ ಅವರು ರೂಪಿಸಿದ್ದು. ಅದೇ ವಿನ್ಯಾಸ ಲಿನಕ್ಸ್‌ನಲ್ಲೂ ಇದೆ. ಐಬಸ್ (ಬೇರೆ ಬೇರೆ ಭಾಷೆ ಟೈಪಿಸಲು ನೆರವಾಗುವ ಪ್ರೋಗ್ರಾಮ್) ಜೊತೆ ಎಮ್17ಎನ್ (ಕೀಲಿ ವಿನ್ಯಾಸಗಳ ಸಂಗ್ರಹ) ಹಾಕಿದರೆ ಕನ್ನಡದ ಕೆಳಗೆ ಕೆಜಿಪಿ (ಅದೇ ಕಗಪ), ಐಟ್ರಾನ್ಸ್, ಇನ್‌ಸ್ಕ್ರಿಪ್ಟ್ ಎಲ್ಲಾ ಬರುತ್ತವೆ. ನುಡಿಯಲ್ಲಿ ಕಲಿತ ಕೈಗೆ ಕೆಜಿಪಿ ತಕ್ಷಣ ಹೊಂದುತ್ತದೆ.

ಮೂರನೆಯದು ಹಳೇ ಕಡತ. ಹಳೇ ನುಡಿ ಕಡತಗಳು ಯೂನಿಕೋಡ್ (ಎಲ್ಲಾ ಕಡೆ ಒಂದೇ ಥರ ತೆರೆಯುವ ಅಕ್ಷರ ಸಂಕೇತ) ಅಲ್ಲ. ಬೇರೆ ಕಂಪ್ಯೂಟರ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅದೇ ನುಡಿ ಟಿಟಿಎಫ್ ಫಾಂಟ್‌ಗಳನ್ನು ಮನೆ ಫೋಲ್ಡರ್‌ನ ಫಾಂಟ್ಸ್ ಒಳಗೆ ಹಾಕಿದರೆ ಲಿಬ್ರೆಆಫೀಸ್‌ನಲ್ಲಿ ಓದಲು ಬರುತ್ತದೆ, ಪ್ರಿಂಟೂ ಆಗುತ್ತದೆ. ತಿದ್ದಬೇಕು ಅಂದರೆ ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳಿವೆ. ಬದಲಾಯಿಸಿದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ. ತಪ್ಪುವುದು ಹೆಚ್ಚಾಗಿ ಅಲ್ಲೇ.

ಕಪ್ಪುಪರದೆ
ಐಬಸ್ ಕೂಡ ಯಾಕೆ? ಲಿನಕ್ಸ್‌ನ ಮೂಲ ಕೀಬೋರ್ಡ್ ವ್ಯವಸ್ಥೆ ಎಕ್ಸ್‌ಕೆಬಿಯಲ್ಲೇ ಕನ್ನಡ ಕಗಪ ಇದೆ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಇಂಡಿಯನ್ ಕೆಳಗೆ ಹುಡುಕಿ ಸೇರಿಸಿದರಾಯಿತು. ಹಿನ್ನೆಲೆಯಲ್ಲಿ ಯಾವ ಪ್ರೋಗ್ರಾಮೂ ಓಡಬೇಕಾಗಿಲ್ಲ.

ಅಕ್ಷರಜೋಡಣೆ
ಇದೆ. ಆದರೆ ಎಕ್ಸ್‌ಕೆಬಿಯಲ್ಲಿ ಒಂದು ಕೀಲಿ ಒತ್ತಿದರೆ ಒಂದೇ ಗೊತ್ತಾದ ಅಕ್ಷರ. ಹಿಂದಿನ ಅಕ್ಷರ ಯಾವುದು ಅಂತ ಅದು ನೋಡುವುದಿಲ್ಲ. ನುಡಿಯಲ್ಲಿ ಪದದ ಶುರುವಿಗೆ ಒತ್ತಿದರೆ ಸ್ವರ, ವ್ಯಂಜನದ ಮುಂದೆ ಒತ್ತಿದರೆ ಅದೇ ಕೀಲಿ ಗುಣಿತ. ಎಕ್ಸ್‌ಕೆಬಿಯಲ್ಲಿ ಎರಡೂ ಬೇರೆ ಬೇರೆ ಕಡೆ ಒತ್ತಬೇಕು. ನುಡಿ ಕಲಿತವರಿಗೆ ಕಿರಿಕಿರಿ. ಕೆಲವು ಎಮ್‌ಬಿ ಉಳಿಸಲು ಮಕ್ಕಳ ಕೈ ಕೆಡಿಸಬೇಡಿ.

ಪಾಟಿಬಳಪ
ಸರಿ ಸ್ವಾಮಿ, ಒಪ್ಪಿದೆ. ಈ ಕೆಜಿಪಿ ವಿಷಯ ನನಗೂ ಉಪಯೋಗಕ್ಕೆ ಬಂತು.

ಕುಡ್ಲದಿಂದ
ಯೂಟ್ಯೂಬ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ ಮಾರಾಯ್ರೆ. ಫೈರ್‌ಫಾಕ್ಸ್‌ಗೆ ಎಚ್264ಇಫೈ ಅಂತ ಆ್ಯಡ್‌ಆನ್ ಇದೆ. ಯೂಟ್ಯೂಬ್ ಮಾಮೂಲಿಯಾಗಿ ವಿಪಿ9 ಅಥವಾ ಎವಿ1 ಅನ್ನುವ ರೂಪದಲ್ಲಿ ವಿಡಿಯೋ ಕಳಿಸುತ್ತದೆ. ಆ್ಯಡ್‌ಆನ್ ಹಾಕಿದರೆ ಎಚ್264 ಕಳಿಸುತ್ತದೆ. ಅದನ್ನು ಗ್ರಾಫಿಕ್ಸ್ ಚಿಪ್ ಬಿಡಿಸುವುದರಿಂದ ಪ್ರೊಸೆಸರ್‌ಗೆ ಕೆಲಸ ಇಲ್ಲ. ಜೊತೆಗೆ ಯುಬ್ಲಾಕ್ ಆರಿಜಿನ್ ಮರೆಯಬೇಡಿ. ಹಳೇ ಕಂಪ್ಯೂಟರ್‌ಗೆ ಜಾಹೀರಾತು ತಡೆಯುವುದು ರ‍್ಯಾಮ್ ಹಾಕಿದಷ್ಟೇ ಸಮ.

ಸೊನ್ನೆಒಂದು
@ಕುಡ್ಲದಿಂದ ಸಲಹೆ ಸರಿ, ಕಾರಣ ಸರಿಯಿಲ್ಲ. ಜಿ31ರಲ್ಲಿರುವ ಗ್ರಾಫಿಕ್ಸ್ ಚಿಪ್ ಜಿಎಮ್‌ಎ 3100 ಎಚ್264 ಬಿಡಿಸುವುದಿಲ್ಲ, ಅದಕ್ಕೆ ಬರುವುದು ಎಂಪೆಗ್2 ಮಾತ್ರ. ನೆಟ್‌ಬುಕ್‌ನ ಜಿಎಮ್‌ಎ 950 ಕೂಡ ಹಾಗೇ. ಬಿಡಿಸುವುದು ಪ್ರೊಸೆಸರೇ. ಆದರೂ ಎಚ್264 ವಿಪಿ9ಗಿಂತ ಹಗುರ, ಅದಕ್ಕೇ ಉಪಯೋಗ. ಇ5300 ಮೇಲೆ 480ಪಿ ಸಲೀಸು, 720ಪಿಯೂ ಹೆಚ್ಚುಕಮ್ಮಿ ಓಡುತ್ತದೆ. ನೆಟ್‌ಬುಕ್‌ನಲ್ಲಿ 360ಪಿ ದಾಟಬೇಡಿ. ಅದೂ ಬ್ರೌಸರ್ ಒಳಗೆ ಬೇಡ, ಎಂಪಿವಿ ಪ್ಲೇಯರ್‌ನಲ್ಲಿ.

ಕುಡ್ಲದಿಂದ
ಓ ಹೌದಾ. ಕೆಲಸ ಆಗುತ್ತದಲ್ಲ, ಸಾಕು.

ವೋಲ್ಟ್_ವೆಂಕ
ನಾನು ಬೇರೆ ಥರ ಯೋಚಿಸುತ್ತೇನೆ. ಇ5300 ಅಂದರೆ ಪ್ರೊಸೆಸರ್ ಒಂದರದ್ದೇ 65 ವಾಟ್ ಟಿಡಿಪಿ (ಬಿಸಿಯ ಮಿತಿ). ಈಗ ಎನ್100 ಹಾಕಿದ ಅಂಗೈಯಗಲದ ಪೆಟ್ಟಿಗೆಗಳು ಬಂದಿವೆ, ಅದರ ಪ್ರೊಸೆಸರ್ ಬರೀ 6 ವಾಟ್. ಯುಪಿಎಸ್ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ ಲೆಕ್ಕ ಹಾಕಿ. ಮಳೆಗಾಲದಲ್ಲಿ ಶಿರಸಿ ಕಡೆ ಕರೆಂಟ್ ಕಥೆ ನಿಮಗೇ ಗೊತ್ತು. ಹಳೇದರ ಮೇಲೆ ದುಡ್ಡು ಸುರಿಯುವ ಬದಲು ಒಂದು ಹೊಸದು ತೆಗೆದುಕೊಳ್ಳಿ.

ಬಿಸಿಲನಾಡು
ಒಂದು ಹೊಸದರ ಮುಂದ ಎಷ್ಟು ಹುಡುಗರು ಕೂಡತಾರ್ರೀ? ನಾಲ್ಕು ಇದ್ದರ ನಾಲ್ಕು ಮಂದಿ ಕೂಡತಾರ.

ಮೇಷ್ಟ್ರು_ಹಾಸನ
ಎಲ್‌ಟಿಎಸ್‌ಪಿ ಬಗ್ಗೆ ಯೋಚಿಸಿದ್ದೀರಾ? ಒಂದು ಗಟ್ಟಿ ಕಂಪ್ಯೂಟರ್ ಸರ್ವರ್ ಮಾಡಿ, ಉಳಿದವು ನೆಟ್‌ವರ್ಕ್‌ನಿಂದ ಬೂಟ್ ಆಗಲಿ. ಹಾರ್ಡ್ ಡಿಸ್ಕೇ ಬೇಡ. ಸಾಫ್ಟ್‌ವೇರ್ ಒಂದು ಕಡೆ ಹಾಕಿದರೆ ಎಲ್ಲಾ ಕಡೆ ಬಂತು. ಭಾರವೆಲ್ಲ ಸರ್ವರ್ ಮೇಲೆ.

ಸೊನ್ನೆಒಂದು
ಕೊನೆಯ ಮಾತು ಹಳೇ ಎಲ್‌ಟಿಎಸ್‌ಪಿಗೆ ನಿಜ. 2019ರಲ್ಲಿ ಅದನ್ನು ಹೊಸದಾಗಿ ಬರೆದರು. ಈಗ ಬೂಟ್ ಮಾತ್ರ ಸರ್ವರ್‌ನಿಂದ, ಪ್ರೋಗ್ರಾಮ್ ಓಡುವುದು ಆಯಾ ಕಂಪ್ಯೂಟರ್‌ನ ಪ್ರೊಸೆಸರ್, ರ‍್ಯಾಮ್ ಮೇಲೇ. ಡಿಸ್ಕ್ ಖರ್ಚು ಉಳಿಯುತ್ತದೆ, ರ‍್ಯಾಮ್ ಉಳಿಯುವುದಿಲ್ಲ. ಎಲ್ಲಾ ಸರ್ವರ್ ಮೇಲೇ ಓಡಬೇಕು ಅಂದರೆ ಎಕ್ಸ್2ಗೋ ಅಥವಾ ಎಕ್ಸ್‌ಆರ್‌ಡಿಪಿ. ಟೈಪಿಂಗ್‌ಗೆ ಚೆನ್ನ, ವಿಡಿಯೋಗೆ ಅಯ್ಯೋ.

ಅದಕ್ಕಿಂತ ಹೆಚ್ಚಾಗಿ, ಸರ್ವರ್ ಒಂದು ಮಲಗಿದರೆ ಎಲ್ಲಾ ಮಲಗುತ್ತವೆ. ಇವರು ಊರಲ್ಲಿ ಇರುವುದಿಲ್ಲ ಅಂತ ಹೇಳಿದ್ದಾರೆ.

ಚಹಾಪ್ರಿಯ
ಡೆಬಿಯನ್‌ನಲ್ಲಿ ಸಿಸ್ಟಮ್‌ಡಿ (ಬೂಟ್ ಆಗುವಾಗ ಸೇವೆಗಳನ್ನು ಶುರು ಮಾಡುವ ಪ್ರೋಗ್ರಾಮ್) ಇದೆ. ಹಳೇ ಕಂಪ್ಯೂಟರ್‌ಗೆ ಸಿಸ್ಟಮ್‌ಡಿ ಹಾಕುವುದೇ ಪಾಪ.

ತುಂಗಾತೀರ
ದಯವಿಟ್ಟು ಇಲ್ಲಿ ಆ ಜಗಳ ಶುರು ಮಾಡಬೇಡಿ.

ಕಪ್ಪುಪರದೆ
ಶುರು ಮಾಡಿದರೆ ತಪ್ಪೇನು? ಆ್ಯಂಟಿಎಕ್ಸ್ ಹಗುರ ಇರುವುದಕ್ಕೆ ಸಿಸ್ಟಮ್‌ಡಿ ಇಲ್ಲದಿರುವುದೂ ಒಂದು ಕಾರಣ.

ಗುಜರಿ_ಗುರು
ಸಣ್ಣ ಕಾರಣ. ದೊಡ್ಡ ಕಾರಣ ಅಂದರೆ ಹಿನ್ನೆಲೆಯಲ್ಲಿ ಬೇಡದ್ದನ್ನು ಓಡಿಸದೇ ಇರುವುದು. ಡೆಬಿಯನ್‌ನಲ್ಲೂ ಬ್ಲೂಟೂತ್, ಮೋಡೆಮ್ ಮ್ಯಾನೇಜರ್, ಅಪ್‌ಡೇಟ್ ಸೂಚನೆ ಇವನ್ನೆಲ್ಲ ನಿಲ್ಲಿಸಿ ನೋಡಿ. ಇಷ್ಟಕ್ಕೇ ಬಿಡೋಣ.

ನೆಟ್‌ಬುಕ್_ನಾಗ
ಎನ್270 ಇರುವ ನೆಟ್‌ಬುಕ್ ನನ್ನ ಹತ್ತಿರವೂ ಇದೆ, ಈಗಲೂ ದಿನಾ ಬಳಸುತ್ತೇನೆ. ಅನುಭವದಿಂದ ಕೆಲವು ಮಾತು.

ಪರದೆಯ ಎತ್ತರ 600 ಪಿಕ್ಸೆಲ್ ಮಾತ್ರ. ಕೆಲವು ಸೆಟ್ಟಿಂಗ್ ಕಿಟಕಿಗಳಲ್ಲಿ ಸರಿ ಅನ್ನುವ ಬಟನ್ ಪರದೆಯ ಕೆಳಗೆ ಹೋಗಿ ಕೂರುತ್ತದೆ. ಹೊಸಬರಿಗೆ ಕಂಪ್ಯೂಟರ್ ಹ್ಯಾಂಗ್ ಆಯಿತು ಅನ್ನಿಸುತ್ತದೆ. ಆಲ್ಟ್ ಕೀಲಿ ಒತ್ತಿ ಹಿಡಿದು ಕಿಟಕಿಯ ಯಾವ ಭಾಗವನ್ನಾದರೂ ಮೌಸ್‌ನಿಂದ ಹಿಡಿದು ಮೇಲಕ್ಕೆ ಎಳೆಯಿರಿ. ಬಟನ್ ಮೇಲೆ ಬರುತ್ತದೆ. ಇದೊಂದು ಚೀಟಿಯಲ್ಲಿ ಬರೆದು ನೆಟ್‌ಬುಕ್ ಮೇಲೆ ಅಂಟಿಸಿ. ಟಾಸ್ಕ್‌ಬಾರ್ ತಾನಾಗೇ ಮರೆಯಾಗುವಂತೆ ಮಾಡಿ.

ರ‍್ಯಾಮ್ 2 ಜಿಬಿಗಿಂತ ಮೇಲೆ ಹೋಗುವುದಿಲ್ಲ, 945ಜಿಎಸ್‌ಇ ಚಿಪ್‌ಸೆಟ್‌ನ ಮಿತಿ ಅದು. ಇರುವ 1 ಜಿಬಿ ತುಂಡು ತೆಗೆದು 2 ಜಿಬಿ ಹಾಕಬಹುದು. ಡಿಸ್ಕ್ ಬದಲಿಸುವ ಮುಂಚೆ ತೆರೆದು ನೋಡಿ, ಎಲ್ಲದರಲ್ಲೂ ಸಾಟಾ ಇರುವುದಿಲ್ಲ.

ಮುಖ್ಯ ಮಾತು, ಅದರಲ್ಲಿ ಅರ್ಜಿ ತುಂಬುವ ಆಸೆ ಬಿಡಿ. ಫೈರ್‌ಫಾಕ್ಸ್ ತೆರೆಯುತ್ತದೆ, ಆದರೆ ಈಗಿನ ತಾಣಗಳ ಜಾವಾಸ್ಕ್ರಿಪ್ಟ್ ನುಂಗಿ ಉಸಿರುಕಟ್ಟುತ್ತದೆ. ಓಟಿಪಿ ಬಂದು ಅದರ ಅವಧಿ ಮುಗಿದರೂ ಪುಟ ತೆರೆದಿರುವುದಿಲ್ಲ. ನನ್ನದರಲ್ಲಿ ನಾನು ಮಾಡುವುದು ಇಷ್ಟು. ಗೀನಿಯಲ್ಲಿ ಬರೆಯುತ್ತೇನೆ. ಮ್ಯುಪಿಡಿಎಫ್‌ನಲ್ಲಿ ಪಿಡಿಎಫ್ ಓದುತ್ತೇನೆ, ಭಾರದ ರೀಡರ್‌ಗಳಿಗೂ ಅದಕ್ಕೂ ಅಜಗಜಾಂತರ. ಹಾಡಿಗೆ ಆಡೇಶಿಯಸ್. ಹಗುರ ಪುಟಗಳಿಗೆ ನೆಟ್‌ಸರ್ಫ್, ಡಿಲ್ಲೋ. ಡಿಲ್ಲೋ ವರ್ಷಗಟ್ಟಲೆ ಮಲಗಿತ್ತು, 2024ರಲ್ಲಿ ಮತ್ತೆ ಹೊಸ ಆವೃತ್ತಿ ಬಂತು. ಆದರೆ ಕನ್ನಡ ಪುಟಗಳನ್ನು ಡಿಲ್ಲೋದಲ್ಲಿ ತೆರೆಯಬೇಡಿ, ಒತ್ತಕ್ಷರ ಒಡೆದು ಕಾಣುತ್ತವೆ.

ಕಿವಿಕ್ಸ್ ಹಾಕಿ ಕನ್ನಡ ವಿಕಿಪೀಡಿಯ ಪೂರ್ತಿ ಇಳಿಸಿಡಿ. ಇಂಟರ್‌ನೆಟ್ ಇಲ್ಲದೆ ಓದಬಹುದು. ಓದುವ ಕೋಣೆಗೆ ಆ ನೆಟ್‌ಬುಕ್‌ನ ಸರಿಯಾದ ಕೆಲಸ ಅದೇ.

ವೋಲ್ಟ್_ವೆಂಕ
ಇಷ್ಟೆಲ್ಲಾ ಒದ್ದಾಟ ಒಂದು ನೆಟ್‌ಬುಕ್‌ಗೆ! ನಮಸ್ಕಾರ ನಿಮಗೆ.

ನೆಟ್‌ಬುಕ್_ನಾಗ
ನನಗೆ ಖುಷಿ ಇದೆ ಸಾರ್, ನಿಮಗೇನು ಖರ್ಚು?

ಓದುಮನೆ
ಎಲ್ಲರಿಗೂ ಧನ್ಯವಾದ. ಇಲ್ಲಿಯವರೆಗಿನದ್ದು ಹೇಳುತ್ತೇನೆ. ಒಂದು ಡೆಸ್ಕ್‌ಟಾಪ್‌ಗೆ ಡೆಬಿಯನ್ 13, ಎಲ್‌ಎಕ್ಸ್‌ಕ್ಯೂಟಿ ಹಾಕಿದೆ. ಝಡ್‌ರ‍್ಯಾಮ್ ಹಾಕಿದೆ. ರ‍್ಯಾಮ್ ಇನ್ನೂ 2 ಜಿಬಿಯೇ. ಫೈರ್‌ಫಾಕ್ಸ್‌ನಲ್ಲಿ ಎರಡು ಮೂರು ಟ್ಯಾಬ್, ಜೊತೆಗೆ ರೈಟರ್ ತೆರೆದರೂ ನಿಂತುಹೋಗುತ್ತಿಲ್ಲ. ಐಬಸ್ ಕೆಜಿಪಿ ನೋಡಿ ನಮ್ಮ ಹುಡುಗಿಯೊಬ್ಬಳು ಇದು ಶಾಲೆಯ ನುಡಿಯೇ ಅಂದಳು.

ಎರಡನೆಯದಕ್ಕೆ ಹಾಕುವಾಗ ವಿಚಿತ್ರ ತೊಂದರೆ. ವೈಫೈ ಸಿಗುತ್ತದೆ, ಆದರೆ ಯಾವ ತಾಣ ತೆರೆದರೂ ಸುರಕ್ಷಿತ ಅಲ್ಲ, ಸರ್ಟಿಫಿಕೇಟ್ ತಪ್ಪು ಅನ್ನುತ್ತದೆ. ಎಪಿಟಿ ಅಪ್‌ಡೇಟ್ ಕೂಡ ಈ ಫೈಲ್ ಇನ್ನೂ ಚಾಲ್ತಿಗೆ ಬಂದಿಲ್ಲ ಅಂತ ನಿಲ್ಲುತ್ತದೆ. ಅದೇ ಪೆನ್‌ಡ್ರೈವ್, ಅದೇ ವೈಫೈ.

ಗುಜರಿ_ಗುರು
ಕಂಪ್ಯೂಟರ್‌ನಲ್ಲಿ ದಿನಾಂಕ ಎಷ್ಟಿದೆ ನೋಡಿ.

ಓದುಮನೆ
2009 ಜನವರಿ 1!

ಗುಜರಿ_ಗುರು
ಅಷ್ಟೇ. ಬೋರ್ಡ್ ಮೇಲಿನ ಬ್ಯಾಟರಿ ಸತ್ತಿದೆ. ಸಿಆರ್2032 ಅಂತ ನಾಣ್ಯದ ಥರದ್ದು, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಕಂಪ್ಯೂಟರ್ ಲೆಕ್ಕದಲ್ಲಿ ಆ ಸರ್ಟಿಫಿಕೇಟ್‌ಗಳು ಇನ್ನೂ ಹುಟ್ಟೇ ಇಲ್ಲ, ಹೇಗೆ ಒಪ್ಪುತ್ತದೆ? ನಾಲ್ಕಕ್ಕೂ ಒಟ್ಟಿಗೆ ಬದಲಿಸಿ, ಉಳಿದವೂ ಅದೇ ವಯಸ್ಸಿನವು. ಬಯೋಸ್ ಒಳಗೆ ಹೋಗಿ ದಿನಾಂಕ ಸರಿ ಮಾಡಿ. ಬ್ಯಾಟರಿ ಸತ್ತಾಗ ಬೂಟ್ ಕ್ರಮ, ಸಾಟಾ ಸೆಟ್ಟಿಂಗ್ ಎಲ್ಲಾ ಹಳೇದಕ್ಕೆ ಹೋಗಿರುತ್ತವೆ, ಅವನ್ನೂ ನೋಡಿ.

ಪೆಟ್ಟಿಗೆ ತೆರೆದಾಗ ಬೋರ್ಡ್ ಮೇಲಿನ ಕೆಪಾಸಿಟರ್‌ಗಳ ತಲೆ ಉಬ್ಬಿದೆಯಾ ಅಂತಲೂ ಕಣ್ಣು ಹಾಯಿಸಿ. ಉಬ್ಬಿದ್ದರೆ ಆ ಬೋರ್ಡ್ ಮೇಲೆ ದುಡ್ಡು ಹಾಕಬೇಡಿ, ಅದರ ರ‍್ಯಾಮ್ ಕಿತ್ತು ಇನ್ನೊಂದಕ್ಕೆ ಹಾಕಿ.

ಪಾಟಿಬಳಪ
ಪ್ರಿಂಟರ್ ಯಾವುದು? ಅಲ್ಲಿ ಸಿಕ್ಕಿಹಾಕಿಕೊಳ್ಳುವವರೇ ಜಾಸ್ತಿ.

ಓದುಮನೆ
ಎಚ್‌ಪಿ ಲೇಸರ್‌ಜೆಟ್ 1020.

ಕುಡ್ಲದಿಂದ
ಅದು ಓಡುತ್ತದೆ. ಆ ಪ್ರಿಂಟರ್ ಒಳಗೆ ಫರ್ಮ್‌ವೇರ್ (ಅದನ್ನು ನಡೆಸುವ ತಂತ್ರಾಂಶ) ಉಳಿಯುವುದಿಲ್ಲ, ಆನ್ ಮಾಡಿದಾಗಲೆಲ್ಲ ಕಂಪ್ಯೂಟರ್ ಅದನ್ನು ಕಳಿಸಬೇಕು. ಎಚ್‌ಪಿಲಿಪ್ (ಎಚ್‌ಪಿ ಪ್ರಿಂಟರ್‌ಗಳ ಲಿನಕ್ಸ್ ತಂತ್ರಾಂಶ) ಹಾಕಿ, ಅದರ ಪ್ಲಗಿನ್ ಇಳಿಸಿಕೊಳ್ಳಿ. ಪ್ಲಗಿನ್ ಆವೃತ್ತಿ ಎಚ್‌ಪಿಲಿಪ್ ಆವೃತ್ತಿಗೆ ಸರಿಹೊಂದಬೇಕು, ಇಲ್ಲದಿದ್ದರೆ ಕೆಲಸ ಸಾಲಿನಲ್ಲಿ ನಿಂತಂತೆ ಕಾಣುತ್ತದೆ, ಕಾಗದ ಮಾತ್ರ ಬರುವುದಿಲ್ಲ. ಇಂಟರ್‌ನೆಟ್ ಇರುವಾಗಲೇ ಈ ಕೆಲಸ ಮುಗಿಸಿ. ಪ್ರಿಂಟರ್ ಒಂದು ಡೆಸ್ಕ್‌ಟಾಪ್‌ಗೆ ಜೋಡಿಸಿ ಕಪ್ಸ್ (ಲಿನಕ್ಸ್‌ನ ಪ್ರಿಂಟ್ ವ್ಯವಸ್ಥೆ) ಮೂಲಕ ಹಂಚಿದರೆ ಉಳಿದ ಮೂರಕ್ಕೂ ಆಯಿತು.

ಹೊಸಬ_23
ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನನ್ನ ಹತ್ತಿರ ಆ್ಯಟಮ್ ಝಡ್3735ಎಫ್ ಇರುವ ಟ್ಯಾಬ್ಲೆಟ್ ಲ್ಯಾಪ್‌ಟಾಪ್ ಇದೆ. 2 ಜಿಬಿ ರ‍್ಯಾಮ್, 32 ಜಿಬಿ ಇಎಮ್‌ಎಮ್‌ಸಿ. ಪ್ರೊಸೆಸರ್ 64 ಬಿಟ್ ಅಂತಾರೆ, ಆದರೆ ಮಿಂಟ್ ಪೆನ್‌ಡ್ರೈವ್ ಹಾಕಿದರೆ ಬೂಟ್ ಮೆನುವಿನಲ್ಲಿ ಕಾಣಿಸುವುದೇ ಇಲ್ಲ. ಪೆನ್‌ಡ್ರೈವ್ ಬದಲಿಸಿದರೂ ಅಷ್ಟೇ.

ಸೊನ್ನೆಒಂದು
ಅದರ ಪ್ರೊಸೆಸರ್ 64 ಬಿಟ್, ಯುಇಎಫ್‌ಐ (ಆನ್ ಮಾಡಿದಾಗ ಮೊದಲು ಓಡುವ ತಂತ್ರಾಂಶ, ಹಳೇ ಬಯೋಸ್ ಥರ) ಮಾತ್ರ 32 ಬಿಟ್. ಪೆನ್‌ಡ್ರೈವ್‌ನಲ್ಲಿ 32 ಬಿಟ್ ಇಎಫ್‌ಐ ಬೂಟ್ ಫೈಲ್ ಇಲ್ಲದಿದ್ದರೆ ಅದಕ್ಕೆ ಕಾಣಿಸುವುದಿಲ್ಲ. ಡೆಬಿಯನ್ ಇನ್‌ಸ್ಟಾಲರ್ ಇಂಥವನ್ನು ನಿಭಾಯಿಸುತ್ತದೆ. ಸೌಂಡ್, ಟಚ್, ಪರದೆ ತಿರುಗುವುದು ಇವುಗಳದ್ದು ಬೇರೆಯೇ ಪುರಾಣ. ಹೊಸ ಚರ್ಚೆ ಶುರು ಮಾಡಿ, ಅಲ್ಲಿ ಬರೆಯುತ್ತೇನೆ.